ಎಣ್ಣೆಯ ಗೋತ್ರ

ಬಂದರಿನ ಕ್ಯಾಪ್ಟನ್ ಮೆಂಡೋನ್ಸಾ ಫೋನು ಮಾಡಿದಾಗ ಸಿಂಚನಾ ಒಂದು ಕೈಯಲ್ಲಿ ದೋಸೆ ಮಗುಚುತ್ತ ಇನ್ನೊಂದು ಕೈಯಲ್ಲಿ ಮಗುವಿನ ಜೋಲಿ ತೂಗುತ್ತಿದ್ದಳು.

"ಮೇಡಂ, ನೀವು ಒಮ್ಮೆ ಬರ್ಬೇಕು ಮಾರಾಯ್ರೆ. ಒಂದು ಎಣ್ಣೆ ಹಡಗು ತೇಲಿಕೊಂಡು ಬರ್ತಾ ಉಂಟು. ಎಂಜಿನ್ ಸತ್ತಿದೆ. ಒಳಗೆ ಎಳೆದು ತರುವ ಅಂದ್ರೆ ನಿಮ್ಮ ಪೆಟ್ಟಿಗೆ ಒಪ್ಪುದಿಲ್ಲ."

ಜಲಜಮ್ಮ ಸೊಸೆಯ ಮುಖ ನೋಡಿಯೇ ಒಲೆ ಆರಿಸಿದರು. "ಹಾಲ್ ಕೊಟ್ಕಂಡ್ ಹೋಗ್ ಮರಾಯ್ತಿ. ಸಮುದ್ರ ಎಲ್ಲಿಗೂ ಓಡಿ ಹೋಪುದಿಲ್ಲ."

"ಸಮುದ್ರ ಓಡಲ್ಲ ಅತ್ತೆ, ಹಡಗು ಓಡ್ತಿದೆ," ಎಂದು ಸಿಂಚನಾ ಜೋಲಿಯ ಮೇಲೆ ನೇತಾಡುತ್ತಿದ್ದ ದುಪಟ್ಟಾ ಎಳೆದುಕೊಂಡು ಹೊರಟಳು. ಮಗು ಇನ್ನೂ ನಿದ್ದೆಯಲ್ಲಿತ್ತು. ಎಬ್ಬಿಸಲು ಮನಸ್ಸು ಬರಲಿಲ್ಲ.

ಮುಂಗಾರು ಶುರುವಾಗಿತ್ತು. ಪಡುಗೇರಿಯ ಮರಳಿನ ಮೇಲೆ ದೋಣಿಗಳನ್ನೆಲ್ಲ ಎಳೆದು ತಾಡಪಾಲು ಹೊದಿಸಿದ್ದರು. ಬಂದರಿನ ಗೋಡೆಗೆ ಅಪ್ಪಳಿಸಿದ ತೆರೆಯ ನೀರು ರಸ್ತೆಯವರೆಗೂ ಹಾರುತ್ತಿತ್ತು.

ನಿಯಂತ್ರಣ ಕೊಠಡಿಯ ದೊಡ್ಡ ಪರದೆಯಲ್ಲಿ ಹಡಗು ಒಂದು ಸಣ್ಣ ಕೆಂಪು ಚುಕ್ಕೆ. ಅದರ ಬಲಗಡೆ, ನೀರಿನೊಳಗಿರುವ ಕರಿಕಲ್ಲು ಬಂಡೆಗಳ ಸಾಲು. ಗಾಳಿ ಚುಕ್ಕೆಯನ್ನು ಬಂಡೆಗಳ ಕಡೆಗೆ ತಳ್ಳುತ್ತಿತ್ತು. ಪರದೆಯ ಕೆಳಗೆ ಒಂದೇ ಸಾಲು: 'ಪ್ರವೇಶವಿಲ್ಲ. ತೀರದ ಡಾಮರು ಈ ಹಡಗಿನ ಎಣ್ಣೆಯ ಮೂಲಕ್ಕೆ ಹೊಂದುತ್ತದೆ. ಆಧಾರ: ಸಿಂಚನಾ ಸೂಚ್ಯಂಕ.'

ತನ್ನ ಹೆಸರನ್ನು ಹಾಗೆ ಪರದೆಯ ಮೇಲೆ ನೋಡುವುದು ಅವಳಿಗೆ ಈಗ ಅಭ್ಯಾಸವಾಗಿತ್ತು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಹೆಮ್ಮೆ. ಈಗ ಬೀದಿಯ ಬೋರ್ಡಿನ ಹಾಗೆ ಕಣ್ಣು ಅದನ್ನು ದಾಟಿ ಹೋಗುತ್ತಿತ್ತು.

ಪ್ರಭಾವ ಮಂಡಳಿ ಬಂದ ಮೇಲೆ ವಿದ್ವಾಂಸರ ಬದುಕೇ ಬದಲಾಗಿತ್ತು. ಹಿಂದೆ ಸಂಶೋಧನೆಯೊಂದು ಪತ್ರಿಕೆಯಲ್ಲಿ ಅಚ್ಚಾಗಿ, ನಾಲ್ಕು ಜನ ಓದಿ, ಕಪಾಟು ಸೇರುತ್ತಿತ್ತು. ಈಗ ಹಾಗಲ್ಲ. ಸಾಕಷ್ಟು ವಿಜ್ಞಾನಿಗಳು ಒಂದು ಪ್ರಬಂಧವನ್ನು ಒಪ್ಪಿ ಉಲ್ಲೇಖಿಸಿ ಅದರ ಪ್ರಭಾವ ಏರಿದರೆ ಮಂಡಳಿ ಅದನ್ನು ನೇರವಾಗಿ ಜಾರಿಗೆ ತರುತ್ತಿತ್ತು. ಪ್ರಬಂಧದ ಸೂತ್ರವೇ ಯಂತ್ರದೊಳಗೆ ಕೂತು ನಿಯಮವಾಗುತ್ತಿತ್ತು. ನಡುವೆ ಮಂತ್ರಿಯಿಲ್ಲ, ಗುಮಾಸ್ತನಿಲ್ಲ, ಲಂಚವಿಲ್ಲ. ಜನಕ್ಕೆ ಅದು ಇಷ್ಟವಾಗಿತ್ತು. ನಿಯಮವನ್ನು ತೆಗೆಯುವ ದಾರಿಯೂ ಅಷ್ಟೇ ಸರಳ: ಬರೆದವರೇ ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕು. ಸಣ್ಣ ತಿದ್ದುಪಡಿ ಬೇಕೆಂದರೆ ತಜ್ಞರ ಪರಿಶೀಲನೆ, ತಿಂಗಳುಗಟ್ಟಲೆ ಕಾಯುವುದು.

ಸಿಂಚನಾಳ ವಿದ್ಯೆ ಪೆಟ್ರೋಲಿಯಂ ಭೂರಸಾಯನ. ನೆಲದಡಿಯ ಕಚ್ಚಾ ಎಣ್ಣೆ ಯಾವ ಕಾಲದ ಯಾವ ಜೀವಿಗಳಿಂದ ಹುಟ್ಟಿತು ಎಂದು ಅದರೊಳಗಿನ ಅಣುಗಳನ್ನು ನೋಡಿ ಹೇಳುವ ಶಾಸ್ತ್ರ. ಕಡಲ ಪಾಚಿಯಿಂದ ಹುಟ್ಟಿದ ಎಣ್ಣೆಯಲ್ಲಿ ಪಾಚಿಯ ಗುರುತು ಉಳಿದಿರುತ್ತದೆ, ಕಾಡಿನಿಂದ ಹುಟ್ಟಿದ್ದರಲ್ಲಿ ಮರದ ಗುರುತು. ಅವಳು ಆ ಗುರುತುಗಳನ್ನೆಲ್ಲ ಒಂದು ಕೋಷ್ಟಕಕ್ಕೆ ಇಳಿಸಿದ್ದಳು; ಅದೇ ಸಿಂಚನಾ ಸೂಚ್ಯಂಕ. ತೀರಕ್ಕೆ ಬಂದ ಯಾವುದೇ ಡಾಮರಿನ ಉಂಡೆಯನ್ನು ಆ ಕೋಷ್ಟಕ ತುಂಬಿದ ಪೆಟ್ಟಿಗೆಯೊಳಗಿಟ್ಟರೆ ಅದು ಯಾವ ಬಾವಿಯದು, ಯಾವ ಹಡಗಿನದು ಎಂದು ಹೇಳಿಬಿಡುತ್ತಿತ್ತು. ಬಂದರಿನವರು ಅದಕ್ಕೆ 'ಗೋತ್ರದ ಪೆಟ್ಟಿಗೆ' ಎಂದು ಹೆಸರಿಟ್ಟಿದ್ದರು. ಎಣ್ಣೆ ಚೆಲ್ಲುವ ಹಡಗಿಗೆ ಯಾವ ಬಂದರು ಕೂಡ ಬಾಗಿಲು ತೆರೆಯುತ್ತಿರಲಿಲ್ಲ; ದುರಸ್ತಿಯಾಗುವವರೆಗೆ ಅದನ್ನು ಹೊರಗೇ ಹಿಡಿದಿಡುತ್ತಿದ್ದರು. ಅದಾದ ಮೇಲೆ ತೀರ ಸ್ವಚ್ಛವಾಗಿತ್ತು. ಜಲಜಮ್ಮ ಬೂತಾಯಿ ಮೀನು ಕೊಯ್ಯುವಾಗ ಈಗ ಸೀಮೆಎಣ್ಣೆ ವಾಸನೆ ಇಲ್ಲವೆಂದು ನೆರೆಮನೆಯವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು: "ನಮ್ ಸೊಸೆ ಮಾಡಿದ್ದ್ ಅದ್."

ರೇಡಿಯೊದಲ್ಲಿ ಹಡಗಿನ ಕ್ಯಾಪ್ಟನ್ ಮಜುಮ್ದಾರ್ ದನಿ ಬಂತು. ಗಾಳಿಯ ಸದ್ದಿನಲ್ಲಿ ಅರ್ಧ ಮುಳುಗಿದ ದನಿ.

"ಪಡುಗೇರಿ, ನಮ್ಮ ಹಡಗು ಸೋರುತ್ತಿಲ್ಲ. ಮತ್ತೆ ಹೇಳುತ್ತಿದ್ದೇನೆ, ಸೋರುತ್ತಿಲ್ಲ. ನಮ್ಮನ್ನು ಎಳೆಯಲು ಟಗ್ ಕಳಿಸಿ. ಬಂಡೆ ಕಣ್ಣಿಗೆ ಕಾಣುತ್ತಿದೆ."

ಮೆಂಡೋನ್ಸಾ ಸಿಂಚನಾಳ ಕಡೆ ತಿರುಗಿದರು. "ಟಗ್ ತಯಾರಾಗಿ ನಿಂತಿದೆ. ಆದ್ರೆ ಪೆಟ್ಟಿಗೆ ಹಸಿರು ಕೊಡದೆ ಅದರ ಎಂಜಿನ್ನೇ ಚಾಲೂ ಆಗುದಿಲ್ಲ, ಹಾಗೆ ಬೀಗ ಹಾಕಿದ್ದಾರೆ. ನೀವೇ ಒಮ್ಮೆ ಪುನಃ ಪರೀಕ್ಷೆ ಮಾಡಿ ನೋಡಿ. ತಪ್ಪಾಗಿದ್ರೆ ಒಳ್ಳೇದು."

"ತಪ್ಪಿಲ್ಲದಿದ್ದರೆ?"

"ಹಾಗಂದ್ರೆ ಅವ ಸುಳ್ಳು ಹೇಳ್ತಿದ್ದಾನೆ. ಅವನನ್ನು ಒಳಗೆ ತಂದು ನಮ್ಮ ನದಿಬಾಯಿಯಲ್ಲಿ ಎಣ್ಣೆ ಚೆಲ್ಲಿಸಿಕೊಂಡ್ರೆ ಊರಿನವರು ನನ್ನನ್ನು ಬಿಡ್ತಾರಾ?"

ಪ್ರಯೋಗಾಲಯ ಕೆಳಗಿನ ಮಹಡಿಯಲ್ಲಿತ್ತು. ಸಹಾಯಕ ಅಶ್ಫಾಕ್ ಬೆಳಿಗ್ಗೆ ತೀರದಿಂದ ಆರಿಸಿ ತಂದ ಕಪ್ಪು ಉಂಡೆಗಳನ್ನು ಜಾಡಿಯಲ್ಲಿಟ್ಟಿದ್ದ. ಸಿಂಚನಾ ಮುಚ್ಚಳ ತೆಗೆದಳು. ಡಾಮರಿನ ಕಟು ವಾಸನೆಯ ಹಿಂದೆ ಇನ್ನೊಂದು ಸಿಹಿಯಾದ ವಾಸನೆ.

ಅಶ್ಫಾಕ್ ಮೂಗು ಅರಳಿಸಿದ. "ಬಾಣಂತಿ ಕೋಣೆಯ ಧೂಪದ ವಾಸನೆ! ಮೇಡಂ, ನೀವು ಬಂದ್ರೆ ಸಾಕು, ಲ್ಯಾಬಿಗೆ ಊದಿನಕಡ್ಡಿ ಬೇಡ."

ಸಿಂಚನಾ ದುಪಟ್ಟಾದ ತುದಿಯನ್ನು ಮೂಗಿಗೆ ಹಿಡಿದಳು. ಮಗುವಿನ ಜೋಲಿಯ ಮೇಲೆ ನೇತುಹಾಕಿದ ಬಟ್ಟೆ. ಸ್ನಾನದ ನಂತರ ಅತ್ತೆ ದಿನವೂ ಮಗುವಿಗೆ ಧೂಪದ ಹೊಗೆ ಹಿಡಿಯುತ್ತಾರೆ. ನಕ್ಕು ದುಪಟ್ಟಾ ತೆಗೆದು ಕುರ್ಚಿಗೆ ಹಾಕಿದಳು.

ಪೆಟ್ಟಿಗೆ ಮತ್ತೆ ಅದೇ ಉತ್ತರ ಕೊಟ್ಟಿತು. ಆಗ್ನೇಯ ಏಷ್ಯಾದ ಎಣ್ಣೆ. ಆ ಕಡೆಯ ಕಾಡುಗಳಲ್ಲಿ ಹಿಂದೆ ಧೂಪದ ಜಾತಿಯ ದೊಡ್ಡ ಮರಗಳಿದ್ದವು. ಅವುಗಳ ಅಂಟು ನೆಲದಡಿ ಹೂತು, ಲಕ್ಷಾಂತರ ವರ್ಷ ಕಾವಿನಲ್ಲಿ ಬೆಂದು, ವಿಶಿಷ್ಟವಾದ ಒಂದು ಅಣು ಹುಟ್ಟುತ್ತದೆ. ಹಸಿ ಅಂಟಿನಲ್ಲಿ ಅದು ಇರುವುದಿಲ್ಲ. ಭೂಮಿಯ ಕಾವಿಲ್ಲದೆ ಹುಟ್ಟುವುದೂ ಇಲ್ಲ ಎಂದು ಅವಳ ಪ್ರಬಂಧವೇ ಹೇಳಿತ್ತು. ಜಾಡಿಯ ಉಂಡೆಯಲ್ಲಿ ಆ ಅಣು ಬೇಕಾದಷ್ಟಿತ್ತು. ಈ ಕಡಲಿನಲ್ಲಿ ಇವತ್ತು ಅಂಥ ಎಣ್ಣೆ ಹೊತ್ತ ಹಡಗು ಒಂದೇ.

ಅವಳು ದುಪಟ್ಟಾವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಮೇಲೆ ಹತ್ತಿ ಬಂದು ಮೆಂಡೋನ್ಸಾಗೆ ಹೇಳಿದಳು. "ಸರಿಯಾಗಿಯೇ ಇದೆ ಕ್ಯಾಪ್ಟನ್. ಹೊಂದುತ್ತದೆ."

ಮೆಂಡೋನ್ಸಾ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಮೈಕ್ ಹಿಡಿದು, ತಮ್ಮ ದನಿ ತಮಗೇ ಕೇಳಬಾರದು ಎಂಬಂತೆ ಮೆಲ್ಲಗೆ, "ಪ್ರವೇಶವಿಲ್ಲ. ಲಂಗರು ಹಾಕಲು ಪ್ರಯತ್ನಿಸಿ," ಎಂದರು.

ಅಷ್ಟರಲ್ಲಿ ಸಿಂಚನಾಳ ಎದೆಹಾಲು ತುಂಬಿ ಕುರ್ತಾ ತೇವವಾಗಿತ್ತು. ಮನೆ ಬಂದರಿನ ಹಿಂದಿನ ಓಣಿಯಲ್ಲೇ. ಹಾಲು ಕೊಟ್ಟು ಬರುತ್ತೇನೆಂದು ಮಳೆಯಲ್ಲಿ ಓಡಿದಳು.

ಮಗು ಅತ್ತು ಅತ್ತು ಕೆಂಪಾಗಿತ್ತು. ಜಲಜಮ್ಮ ಏನೂ ಬಯ್ಯದೆ ಅದನ್ನು ಅವಳ ಮಡಿಲಿಗೆ ಹಾಕಿ, ಒಣ ಟವೆಲಿನಿಂದ ಸೊಸೆಯ ತಲೆ ಒರೆಸತೊಡಗಿದರು. ಮಗು ಕುಡಿಯತೊಡಗಿದ ಮೇಲೆ ಸಿಂಚನಾ ಅದರ ನೆತ್ತಿ ಮೂಸಿದಳು. ಕೊಬ್ಬರಿ ಎಣ್ಣೆ, ಕಡಲೆಹಿಟ್ಟು. ಬೇರೇನಿಲ್ಲ.

"ಅತ್ತೆ, ಇವತ್ತು ಧೂಪ ಹಾಕಲಿಲ್ವಾ?"

"ಧೂಪ ಎಲ್ಲಿತ್ತ್? ಒಂದ್ ವಾರ ಆಯ್ತ್ ಹಾಕ್ದೆ. ನಿಂಗ್ ಗೊತ್ತೇ ಆಯ್ಲಿಲ್ಯಾ?"

ಗೊತ್ತಾಗಿರಲಿಲ್ಲ. ಸಿಂಚನಾಳಿಗೆ ಮೊದಲು ಅದೇ ನೋವಾಯಿತು. ಆಮೇಲೆ ಹೆಗಲ ಮೇಲಿದ್ದ ದುಪಟ್ಟಾವನ್ನು ಎಳೆದು ಮತ್ತೆ ಮೂಸಿದಳು. ಒದ್ದೆ ಬಟ್ಟೆಯ ಮುಗ್ಗಲು ಮಾತ್ರ. ಪ್ರಯೋಗಾಲಯದಲ್ಲೂ ಅವಳು ಮೂಸಿದ್ದಳು. ಮೂಗಿಗೆ ಬಂದದ್ದೇನು, ತಾನು ಅಂದುಕೊಂಡದ್ದೇನು? ಆ ಸಿಹಿ ವಾಸನೆ ಬಂದದ್ದು ಜಾಡಿಯಿಂದಲೇ.

"ಅಂಗಡಿಯಲ್ಲಿ ಯಾಕಿಲ್ಲ?"

"ದೋಣಿಯವ್ರ್ ಮೂಟೆಗಟ್ಲೆ ತಕಂಡ್ ಹೋಯಿರ್. ಫೈಬರ್ ದೋಣಿ ಬಂದ್ ಆಯ್ತಲ್ದಾ? ಈಗ ಎಲ್ಲಾ ಮರದ್ದೇ. ಬಿರುಕಿಗೆ ಮೆತ್ತುಕೆ ಬೇಕಲ್ಲ. ಮುಂಚೆ ತೀರದಲ್ ಹೆಕ್ಕಿಟ್ಟ ಡಾಮರ್ ಉಂಡೆ, ಧೂಪ, ಮೀನೆಣ್ಣೆ ಎಲ್ಲ ಸೇರ್ಸಿ ಕಡಾಯಲ್ ಕಾಸುದ್. ನನ್ನ ಅಪ್ಪಯ್ಯನೂ ಹಂಗೇ ಮಾಡ್ತಿದ್ದ."

"ಎಷ್ಟು ಹೊತ್ತು ಕಾಸ್ತಾರೆ?"

"ಕಪ್ಪಗೆ ಗಟ್ಟಿ ಆಪಲ್ಲಿವರಿಗೂ. ಎಂತಾ ಆಯ್ತೇ ನಿಂಗೆ? ಮಗುವನ್ನ ಸರೀ ಹಿಡ್ಕೋ!"

ಸಿಂಚನಾ ಮಗುವನ್ನು ಸರಿಯಾಗಿ ಹಿಡಿದುಕೊಂಡಳು. ಫೈಬರ್ ದೋಣಿಗಳನ್ನು ನಿಷೇಧಿಸಿದ್ದು ಈಚೆಗೆ. ಅವಳ ಕೋಷ್ಟಕ ಅದಕ್ಕಿಂತ ಹಳೆಯದು. ಅದರಲ್ಲಿ ಜಗತ್ತಿನ ಎಲ್ಲ ಬಾವಿಗಳ ಎಣ್ಣೆಯಿತ್ತು. ಕಡಾಯಿಯಲ್ಲಿ ಧೂಪ ಬೇಯಿಸುವವರು ಇರಲಿಲ್ಲ. ನಿನ್ನೆಯ ಮೊದಲ ದೊಡ್ಡ ಮಳೆ, ದೋಣಿಯವರು ಮರಳಿನ ಮೇಲೆ ಚೆಲ್ಲಿದ್ದ ಕಪ್ಪು ಕಿಟ್ಟವನ್ನೆಲ್ಲ ಕೊಚ್ಚಿ ನೀರಂಚಿಗೆ ತಂದಿರಬೇಕು. ಅಶ್ಫಾಕ್ ಆರಿಸಿ ತಂದದ್ದು ಅದನ್ನೇ ಇರಬೇಕು.

ಇರಬೇಕು. ಆದರೆ 'ಇರಬೇಕು' ಎಂಬ ಮಾತಿನ ಮೇಲೆ ಬಾಗಿಲು ತೆರೆಯಲಾಗದು. ಹಡಗೂ ಸೋರುತ್ತಿರಬಹುದು.

"ಅತ್ತೆ, ಆ ಕಡಾಯಿ ಯಾರ ಹತ್ರ ಇದೆ?"

"ಶೀನ ಖಾರ್ವಿಯ ದೋಣಿ ಹತ್ರ. ಎಂತಕ್ಕೆ?"

ಉತ್ತರ ಹೇಳಲು ಅವಳು ನಿಲ್ಲಲಿಲ್ಲ. ಮಗುವಿನ ಬಾಯಿ ಬಿಡಿಸುವಾಗ ಅದು ಮತ್ತೆ ಅಳತೊಡಗಿತು. ಓಣಿಯ ಕೊನೆಯವರೆಗೂ ಆ ಅಳು ಕೇಳುತ್ತಿತ್ತು.

ಶೀನ ಖಾರ್ವಿ ತಾಡಪಾಲಿನ ಕೆಳಗೆ ಕೂತು ಬಲೆ ಸರಿಮಾಡುತ್ತಿದ್ದ. ಕಡಾಯಿಯ ತಳದಲ್ಲಿ ಗಟ್ಟಿಯಾಗಿ ಕೂತಿದ್ದ ಕಪ್ಪು ಕಿಟ್ಟವನ್ನು ಸಿಂಚನಾ ಡಾಕ್ಟರಮ್ಮ ಉಳಿಯಿಂದ ಕೆತ್ತುವುದನ್ನು ನೋಡಿ ಅವನಿಗೆ ಗಾಬರಿಯಾಯಿತು.

"ಎಂತದಮ್ಮ, ದಂಡ ಹಾಕ್ತ್ರ್ಯಾ? ಊರಿಗೂರೇ ಮಾಡತ್ತ್ ಇದನ್ನ. ನನ್ನೊಬ್ಬನನ್ನ ಹಿಡಿಬೇಡಿ."

"ದಂಡ ಇಲ್ಲ ಶೀನಣ್ಣ. ಹಸಿ ಧೂಪ ಉಳಿದಿದ್ರೆ ಅದನ್ನೂ ಒಂದು ಚೂರು ಕೊಡಿ."

"ಪೂಜೆಗಾ?"

"ಹೌದು ಅಂತ ಇಟ್ಕೊಳ್ಳಿ."

ಅವಳು ಪ್ರಯೋಗಾಲಯಕ್ಕೆ ಮರಳುವಷ್ಟರಲ್ಲಿ ಮೇಲಿನಿಂದ ರೇಡಿಯೊದ ಕೂಗು ಮೆಟ್ಟಿಲಿಳಿದು ಬರುತ್ತಿತ್ತು. ಹಡಗಿನವರು ಲಂಗರು ಇಳಿಸಿದ್ದರು. ಸರಪಳಿ ಹಿಡಿತ ತಪ್ಪಿ ಓಡಿ, ಅದನ್ನು ನಿಲ್ಲಿಸಲು ಹೋದ ನಾವಿಕನೊಬ್ಬನ ಕೈ ಸಿಕ್ಕಿಕೊಂಡಿತ್ತು. ಲಂಗರು ಕಚ್ಚಲಿಲ್ಲ. ಹಡಗು ಅದನ್ನು ಎಳೆದುಕೊಂಡೇ ಬಂಡೆಯ ಕಡೆಗೆ ಸರಿಯುತ್ತಿತ್ತು.

"ರಕ್ತ ನಿಲ್ಲುತ್ತಿಲ್ಲ," ಎಂದಿತು ಮಜುಮ್ದಾರ್ ದನಿ. "ಪಡುಗೇರಿ, ಕೇಳಿಸುತ್ತಿದೆಯೇ?"

ಸಿಂಚನಾ ಪೆಟ್ಟಿಗೆಯ ಬಾಗಿಲು ತೆರೆದಳು. ಮೊದಲು ಹಸಿ ಧೂಪ. ಪೆಟ್ಟಿಗೆ ಸುಮ್ಮನಿತ್ತು; ಆ ಅಣುವಿಲ್ಲ. ಅಶ್ಫಾಕ್ ಇನ್ನೊಂದು ಚೂರನ್ನು ಹಳೆಯ ಡಾಮರಿನೊಂದಿಗೆ ಉಕ್ಕಿನ ಬಟ್ಟಲಿನಲ್ಲಿ ಕಾಯಿಸಿದ. ಹೊಗೆ ಎದ್ದಿತು. ಇಡೀ ಪ್ರಯೋಗಾಲಯ ಬಾಣಂತಿಯ ಕೋಣೆಯಾಯಿತು. ಈ ಸಲ ಅವನು ತಮಾಷೆ ಮಾಡಲಿಲ್ಲ.

ಕಾಸಿದ ಚೂರನ್ನು ಪೆಟ್ಟಿಗೆಯೊಳಗಿಟ್ಟರು. ಗೆರೆ ನಿಧಾನವಾಗಿ ಮೂಡಿ, ಮೇಲೇರಿ, ಚೂಪಾದ ಶಿಖರವಾಗಿ ನಿಂತಿತು. ಕೆಳಗೆ ಅಕ್ಷರಗಳು: 'ಆಗ್ನೇಯ ಏಷ್ಯಾ.' ಆಮೇಲೆ ಹಡಗಿನ ಹೆಸರು.

ಪೆಟ್ಟಿಗೆ ಬಟ್ಟಲಿನ ಧೂಪವನ್ನೂ ಆ ಹಡಗಿನ ತಲೆಗೇ ಕಟ್ಟಿತ್ತು.

ಕಡಾಯಿಯ ಕಿಟ್ಟವನ್ನೂ ಪರೀಕ್ಷಿಸಿ, ಅದರ ಗೆರೆಯನ್ನೂ ತೀರದ ಉಂಡೆಯ ಗೆರೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು. ಗೆರೆಗೆ ಗೆರೆ ಕೂತಿತು. ಮೀನೆಣ್ಣೆಯ ಸಣ್ಣ ದಿಬ್ಬ ಕೂಡ ಎರಡರಲ್ಲೂ ಇತ್ತು. ಯಾವ ಹಡಗಿನ ಎಣ್ಣೆಯಲ್ಲೂ ಬೂತಾಯಿಯ ಕೊಬ್ಬು ಇರುವುದಿಲ್ಲ. ಪೆಟ್ಟಿಗೆಗೆ ಆ ದಿಬ್ಬ ಬೇಕಿರಲಿಲ್ಲ. ತನ್ನ ಕೋಷ್ಟಕದಲ್ಲಿ ಇರುವುದನ್ನಷ್ಟೇ ಅದು ಹುಡುಕುತ್ತಿತ್ತು. ನೆಲ ಲಕ್ಷಾಂತರ ವರ್ಷ ಮಾಡುವ ಅಡುಗೆಯನ್ನು ಶೀನ ಖಾರ್ವಿಯ ಕಡಾಯಿ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿತ್ತು. ಘಟ್ಟದ ಧೂಪದ ಮರವೂ ಆ ಹಡಗಿನ ಎಣ್ಣೆಯೊಳಗಿನ ಮರವೂ ಒಂದೇ ಕುಲದವು. ಆದರೆ ಒಂದೇ ಗೋತ್ರದವರೆಲ್ಲ ಒಂದೇ ಮನೆಯವರಲ್ಲ.

"ಮೇಡಂ, ತಿದ್ದುಪಡಿ ಕಳಿಸ್ಲಾ?" ಅಶ್ಫಾಕ್ ಕೇಳಿದ.

"ತಿದ್ದುಪಡಿಗೆ ತಿಂಗಳುಗಳು ಬೇಕು."

ಅವಳು ಮಂಡಳಿಗೆ ಕರೆ ಮಾಡಿದಳು. ಕಾರ್ಯದರ್ಶಿ ಮಹಾಂತೇಶ ಬೆಟಗೇರಿ ಪೂರ್ತಿ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ, ಮಗು ಹುಟ್ಟಿದಾಗ ಕರದಂಟಿನ ಡಬ್ಬಿ ಕಳಿಸಿದ್ದರು.

"ಮೇಡಮ್ಮಾರ, ಒಂದು ಬಂದರಕ್ಕಷ್ಟ ನಿಲ್ಲಸಾಕ ಬರಂಗಿಲ್ರಿ. ಹಿಂದ ತಗೊಂಡ್ರ ಎಲ್ಲಾ ಕಡೆ ಒಮ್ಮೆಲೇ ಹೋಗ್ತದ. ಮತ್ತ ಹಾಕಬೇಕಂದ್ರ ಮೊದಲಿಂದ ಬರೀಬೇಕು."

"ಗೊತ್ತು ಸರ್."

"ಇಲ್ಲಿತನಾ ಕೊಟ್ಟ ತೀರ್ಪಿನ ಮ್ಯಾಲೆಲ್ಲಾ ಕೇಸ್ ಬೀಳ್ತಾವ. ನಿಮ್ಮ ಪ್ರಭಾವ ಸೊನ್ನಿ ಆಗ್ತದ, ನಿಮ್ಮ ಲ್ಯಾಬ್ ಉಳಿಯಂಗಿಲ್ಲ. ಅದನ್ನೂ ಬಿಡ್ರಿ. ಈಗ ಹತ್ತು ಬಂದರದ ಹೊರಗ ಹೊಲಸು ಹಡಗ ನಿಂತಾವ, ಖರೇನ ಸೋರೋವು. ನಿಮ್ಮ ಸೂಚ್ಯಂಕ ಹಿಡದಿದ್ದು ಬರೋಬರಿನ ಐತಿ. ಅವೆಲ್ಲಾ ಬಿಟ್ಟು ಹೋಗ್ತಾವ. ವಿಚಾರ ಮಾಡ್ರಿ."

ವಿಚಾರ ಮಾಡಲು ಅವಳ ಬಳಿ ಇದ್ದದ್ದು ಅಷ್ಟೇ ಹೊತ್ತು, ಎರಡು ಉಸಿರಿನ ನಡುವಿನದು. ಆ ಹೊತ್ತಿನಲ್ಲಿ ಅವಳಿಗೆ ಲ್ಯಾಬು ಕಾಣಲಿಲ್ಲ. ಜಲಜಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಮೀನಿನ ಹೊಟ್ಟೆ ಮೂಸಿ ನಗುವುದು ಕಂಡಿತು. ಮತ್ತೆ ಆ ವಾಸನೆ ಬರುತ್ತದೆ. ಯಾವುದೋ ತೀರದಲ್ಲಿ ಯಾರದೋ ಬಲೆ ಕಪ್ಪಾಗುತ್ತದೆ. ಮಗು ದೊಡ್ಡದಾಗಿ ಮರಳಿನಲ್ಲಿ ಆಡುವಾಗ ಪಾದಕ್ಕೆ ಡಾಮರು ಮೆತ್ತಿಕೊಳ್ಳಬಹುದು. ಅದನ್ನೆಲ್ಲ ತಡೆದದ್ದು ಈ ಸೂಚ್ಯಂಕವೇ. ಅದು ಸುಳ್ಳಲ್ಲ. ಇವತ್ತು ಒಬ್ಬನ ಕೈಯನ್ನು ಸರಪಳಿಗೆ ಕೊಟ್ಟದ್ದೂ ಅದೇ. ಅದೂ ಸುಳ್ಳಲ್ಲ.

ಮೇಲಿನಿಂದ ಮೆಂಡೋನ್ಸಾ ಕೂಗಿದರು. "ಮೇಡಂ! ಇನ್ನು ಸ್ವಲ್ಪ ಹೋದ್ರೆ ಟಗ್ಗಿಗೂ ಹತ್ತಿರ ಹೋಗ್ಲಿಕ್ಕೆ ಆಗ್ಲಿಕ್ಕಿಲ್ಲ!"

ಅವಳು ಮಂಡಳಿಯ ಪುಟ ತೆರೆದಳು. ಪ್ರಬಂಧದ ಹೆಸರು, ಅದರ ಕೆಳಗೆ ತನ್ನ ಹೆಸರು. ಮದುವೆಗೂ ಮೊದಲು, ಚಿತ್ರದುರ್ಗದ ಬಾಡಿಗೆ ಕೋಣೆಯಲ್ಲಿ ಸ್ಟೂಲಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಬರೆದದ್ದು. 'ಹಿಂದಕ್ಕೆ ಪಡೆಯುತ್ತೀರಾ?' ಎಂದು ಪರದೆ ಕೇಳಿತು. ಹೌದು. 'ಕಾರಣ?' ಎಂದು ಮತ್ತೆ ಕೇಳಿತು. ಅವಳು ಒಂದು ಸಾಲು ಬರೆದಳು: 'ಧೂಪವನ್ನು ಕಡಾಯಿಯಲ್ಲಿ ಬೇಯಿಸಿದರೂ ಈ ಅಣು ಹುಟ್ಟುತ್ತದೆ. ನಾನು ಬೇಯಿಸಿ ನೋಡಿರಲಿಲ್ಲ.' ಬೆರಳ ಗುರುತು ಒತ್ತಿದಳು.

ಅವಳು ಮೇಲೆ ಹತ್ತುವಾಗಲೇ ಟಗ್ಗಿನ ಎಂಜಿನ್ ಗುಡುಗಿದ್ದು ಗೋಡೆಗಳಲ್ಲಿ ನಡುಗಿತು.

ದೊಡ್ಡ ಪರದೆಯಲ್ಲಿ ಕರಾವಳಿಯುದ್ದಕ್ಕೂ ಕೆಂಪು ದೀಪಗಳು ಒಂದೊಂದಾಗಿ ಹಸಿರಾದವು. ದೂರದ ಯಾವುದೋ ಬಂದರಿನ ಹೊರಗೆ ಹಿಡಿದಿಟ್ಟಿದ್ದ ಹಡಗೊಂದು ಮೆಲ್ಲಗೆ ಚಲಿಸತೊಡಗಿತು. ಅದು ನಿಜಕ್ಕೂ ಸೋರುವ ಹಡಗು ಎಂದು ಸಿಂಚನಾಳಿಗೆ ಗೊತ್ತಿತ್ತು. ಅದರ ಉಂಡೆಗಳನ್ನು ಅವಳೇ ಪರೀಕ್ಷಿಸಿದ್ದಳು. ಅದು ಪರದೆಯ ಅಂಚು ದಾಟುವವರೆಗೂ ನೋಡಿದಳು. ಮೆಂಡೋನ್ಸಾ ಅವಳ ಮುಂದೆ ಒಂದು ಲೋಟ ಚಹಾ ಇಟ್ಟರು. ಅವಳು ಮುಟ್ಟಲಿಲ್ಲ.

ಟಗ್ ಎರಡು ಸಲ ಹಗ್ಗ ಎಸೆಯಿತು. ಎರಡೂ ಸಲ ಗಾಳಿ ಅದನ್ನು ಹಾರಿಸಿಕೊಂಡು ಹೋಯಿತು. ಹಡಗಿನ ಹಿಂಭಾಗದಲ್ಲಿ, ಬಂಡೆಯ ಮೇಲೆ ಒಡೆಯುವ ನೊರೆ ಬಿಳಿ ಗೋಡೆಯಂತೆ ಎದ್ದು ಬೀಳುತ್ತಿತ್ತು. ಮೂರನೆಯ ಸಲ ಹಗ್ಗ ಸಿಕ್ಕಿತು. ಅದು ಬಿಗಿದು, ನೀರು ಹಿಂಡಿಕೊಂಡು ನಿಂತಿತು. ಪರದೆಯ ಮೇಲೆ ಚುಕ್ಕೆ ನಿಂತಿತು. ಆಮೇಲೆ ಬಂಡೆಯಿಂದ ಒಂದು ಕೂದಲೆಳೆಯಷ್ಟು ದೂರವಾಯಿತು. ಇನ್ನೊಂದಿಷ್ಟು.

"ಯೇಸುವೇ," ಎಂದು ಮೆಂಡೋನ್ಸಾ ಕುರ್ಚಿಯಲ್ಲಿ ಕುಸಿದರು.

ಸಂಜೆಯ ಬೆಳಕು ಇನ್ನೂ ಇದ್ದಾಗಲೇ ಹಡಗು ಕಟ್ಟೆಗೆ ತಾಗಿತು. ಅದರ ಹೊಟ್ಟೆಯಲ್ಲಿ ಬಿರುಕಿರಲಿಲ್ಲ. ಎಲ್ಲೂ ಒಂದು ಹನಿ ಸೋರಿರಲಿಲ್ಲ. ನಾವಿಕರು ಕಟ್ಟೆಗಿಳಿದು, ನೆಲ ಅಲುಗಾಡುತ್ತಿಲ್ಲವೆಂದು ನಂಬಿಕೆಯಾಗದವರಂತೆ ಕಾಲು ಅಗಲಿಸಿ ನಿಂತರು. ಜಲಜಮ್ಮ ಮಗುವನ್ನು ಸೆರಗಿನೊಳಗೆ ಸುತ್ತಿಕೊಂಡು, ಶೀನ ಖಾರ್ವಿ ಹಿಡಿದ ಕೊಡೆಯ ಕೆಳಗೆ ಗೇಟಿನ ಹತ್ತಿರ ಬಂದಿದ್ದರು. ಸಿಂಚನಾ ಅವರ ಕಡೆ ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಸ್ಟ್ರೆಚರ್ ಇಳಿಯಿತು. ಅದರ ಮೇಲಿದ್ದವನು ಚಿಕ್ಕ ಮೈಯ ನಡುವಯಸ್ಸಿನ ಮನುಷ್ಯ. ಬಲಗೈ ಮೊಣಕೈವರೆಗೆ ಬಟ್ಟೆಯ ದೊಡ್ಡ ಗಂಟಾಗಿತ್ತು.

ಕ್ಯಾಪ್ಟನ್ ಮಜುಮ್ದಾರ್ ಸ್ಟ್ರೆಚರಿನ ಹಿಂದೆ ಇಳಿದು ಬಂದರು. ಬಿಳಿ ಗಡ್ಡದಲ್ಲಿ ಉಪ್ಪು ಹರಳುಗಟ್ಟಿತ್ತು. ಮೆಂಡೋನ್ಸಾ ಚಾಚಿದ ಕೈಯನ್ನು ಅವರು ಹಿಡಿಯಲಿಲ್ಲ.

"ನಮ್ಮನ್ನು ಹೊರಗೆ ನಿಲ್ಲಿಸಿದ್ದು ಯಾರು?" ಹಿಂದಿಯಲ್ಲಿ ಕೇಳಿದರು.

"ಅದು ಕ್ಯಾಪ್ಟನ್, ಯಂತ್ರ. ಆಟೊಮ್ಯಾಟಿಕ್," ಎಂದು ಮೆಂಡೋನ್ಸಾ ಶುರುಮಾಡಿದರು. "ಅದರ ನಿಯಮ..."

"ನಾನು," ಎಂದಳು ಸಿಂಚನಾ.

ಮಜುಮ್ದಾರ್ ತಿರುಗಿ ಅವಳನ್ನು ನೋಡಿದರು. ಕೆದರಿದ ಕೂದಲು, ಮಸಿ ಹತ್ತಿದ ಬೆರಳು, ಹಾಲಿನಲ್ಲಿ ಒದ್ದೆಯಾದ ಕುರ್ತಾ. ಗೇಟಿನ ಕಡೆಯಿಂದ ಮಗುವಿನ ಅಳು ಬಂತು.

"ಒಳಗೆ ಬಿಟ್ಟಿದ್ದೂ ಇವರೇ ಕ್ಯಾಪ್ಟನ್," ಎಂದರು ಮೆಂಡೋನ್ಸಾ ಅವಸರದಿಂದ. "ಅದಕ್ಕಾಗಿ ಇವರು ತಮ್ಮ..."

ಸಿಂಚನಾ ಕೈ ಎತ್ತಿ ಅವರನ್ನು ತಡೆದಳು.

ಮಜುಮ್ದಾರ್ ಮುಖದ ಮೇಲಿನ ಮಳೆ ಒರೆಸಿಕೊಂಡರು. "ಹಾಗಾದರೆ ನನ್ನ ಹತ್ತಿರ ಏನೂ ಹೇಳಬೇಡಿ," ಎಂದು ಸ್ಟ್ರೆಚರ್ ತೋರಿಸಿದರು. "ಅವನಿಗೆ ಎಚ್ಚರವಿದೆ."

ಆಂಬುಲೆನ್ಸಿನವರು ಅವಸರದಲ್ಲಿದ್ದರು. ಅವಳು ಸ್ಟ್ರೆಚರಿನ ಪಕ್ಕದಲ್ಲಿ, ಅದರ ಕಬ್ಬಿಣದ ಅಂಚು ಹಿಡಿದು, ಓಡುನಡಿಗೆಯಲ್ಲಿ ಹೋದಳು. ಮಳೆ ಅವನ ಕಣ್ಣಿಗೆ ಬೀಳದಂತೆ ದುಪಟ್ಟಾವನ್ನು ಅವನ ಮುಖದ ಮೇಲೆ ಚಪ್ಪರದ ಹಾಗೆ ಹಿಡಿದಳು. ಅವನು ಕಣ್ಣು ತೆರೆದ.

"ನಿಮ್ಮ ಹೆಸರೇನು?" ಎಂದು ಕೇಳಿದಳು.